ಬಿಸಿಲುಸೀಮೆಯ ಕೈತೋಟ

ಮನೆಯವರೇ ಕೈಯಾರೆ ಮಾಡಿಕೊಂಡು, ಮುಖ್ಯವಾಗಿ ಮನೆಯ ಅಡುಗೆಗೆಂದೇ ಸೊಪ್ಪು, ಕಾಯಿ, ಹಣ್ಣು ಬೆಳೆದುಕೊಳ್ಳುವ ಸಣ್ಣ ತೋಟವೇ ಕೈತೋಟ. ಹಳ್ಳಿಯಲ್ಲಿ ಅದರ ಜಾಗ ಹಿತ್ತಲು. ಪಟ್ಟಣದಲ್ಲಿ ಕಾಂಪೌಂಡಿನ ಅಂಚು, ಬಾಲ್ಕನಿ, ತಾರಸಿ. ಕರ್ನಾಟಕದ ಬಯಲುಸೀಮೆ ಸಹ್ಯಾದ್ರಿಯ ಮಳೆನೆರಳಿನ ನಾಡು. ಇಲ್ಲಿ ಬಿಸಿಲು ಯಾರಿಗೂ ಹೊಸದಲ್ಲ. ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಹೊಸದಾಗಿ ಬಂದಿರುವುದು ಬೇರೆ: ಬಿಸಿಲಿಗೂ ಮಳೆಗೂ ಇದ್ದ ಸರದಿ ಕೆಟ್ಟಿದೆ. ಬೇಸಿಗೆಯನ್ನು ಬಲ್ಲವರ ಹಿತ್ತಲೂ ಈಗ ಸೋಲುತ್ತಿರುವುದು ಸೆಖೆಗಲ್ಲ, ಸೆಖೆ ಯಾವಾಗ ಮುಗಿಯುತ್ತದೆ ಎನ್ನುವ ಅಂದಾಜು ತಪ್ಪುವುದಕ್ಕೆ.

ಬೆಂಗಳೂರು 2024ರಲ್ಲಿ ಕಂಡದ್ದು ಇದಕ್ಕೊಂದು ಉದಾಹರಣೆ. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಏಪ್ರಿಲ್ ತಿಂಗಳಿಡೀ ನಗರದ ಮಾಪಕದಲ್ಲಿ ಮಳೆ ದಾಖಲಾಗಲಿಲ್ಲ. 28ರಂದು ಉಷ್ಣತೆ 38.5 ಡಿಗ್ರಿ ಮುಟ್ಟಿತು. ಐದು ವಾರ ಕಳೆದು ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ. ಬೇಸಿಗೆಯಲ್ಲಿ ಬಕೆಟ್ಟು ಹೊತ್ತು ಉಳಿಸಿಕೊಂಡಿದ್ದ ಬದನೆ, ಮೆಣಸಿನ ಗಿಡಗಳು ಆ ವಾರ ಬುಡ ಕೊಳೆಯುವ ಭಯಕ್ಕೆ ಬಿದ್ದವು. ಉತ್ತರ ಕರ್ನಾಟಕ ಇದಕ್ಕಿಂತ ಘೋರವಾದುದನ್ನು 2009ರಲ್ಲೇ ಕಂಡಿತ್ತು. ದೇಶದಾದ್ಯಂತ ಮುಂಗಾರು ಸೊರಗಿದ ಆ ವರ್ಷ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಕೃಷ್ಣಾ, ತುಂಗಭದ್ರಾ ಬಯಲಿನ ಊರೂರೇ ಮುಳುಗಿದವು.

ಮಳೆ ನಕ್ಷತ್ರದ ಲೆಕ್ಕ

ಹಿತ್ತಲಿನ ಕೆಲಸಕ್ಕೆ ಒಕ್ಕಲು ಮನೆಗಳ ಗಡಿಯಾರವೆಂದರೆ ಮಳೆ ನಕ್ಷತ್ರಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಅಷ್ಟು ದಿನ ಆ ಹೆಸರಿನ ಮಳೆ. ಏಪ್ರಿಲ್ ಕೊನೆಯ ಭರಣಿಗೆ ನೆಲ ಹದ ಮಾಡಿ, ಮೇ ಕೊನೆಯ ರೋಹಿಣಿಗೆ ಹೀರೆ, ಪಡುವಲ, ಕುಂಬಳದ ಬೀಜ ಊರಿ, ಮೃಗಶಿರ, ಆರಿದ್ರಾ ಮಳೆಗಳಿಗೆ ಬಳ್ಳಿ ಹಂದರಕ್ಕೆ ಹತ್ತಿಸುವುದು ರೂಢಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತಿನ ಹಿಂದಿರುವುದು ಈ ಮೊದಲ ಹದದ ಬೆಲೆ. ಈ ಪಂಚಾಂಗ ನಕ್ಷತ್ರವನ್ನು ಹಿಡಿದು ನಡೆಯುವುದರಿಂದ ಋತುವಿನ ಲೆಕ್ಕದಲ್ಲಿ ಅದೂ ಸುಮಾರು 72 ವರ್ಷಕ್ಕೊಂದು ದಿನ ಜಾರುತ್ತದೆ. ಆದರೆ ಮಳೆ ಈಗ ತಪ್ಪುತ್ತಿರುವುದು ಅಷ್ಟು ನಿಧಾನದ ಲೆಕ್ಕದಲ್ಲಲ್ಲ.

ಹಾಗೆಂದು ನಕ್ಷತ್ರದ ಲೆಕ್ಕವನ್ನು ಎಸೆಯಬೇಕಾಗಿಲ್ಲ, ಬಳಸುವ ಬಗೆಯನ್ನು ಬದಲಿಸಿಕೊಂಡರೆ ಸಾಕು. ರೋಹಿಣಿ ಮಳೆಯಲ್ಲೇ ಇಡೀ ಮಡಿ ಬಿತ್ತಿ ಕೂರುವ ಬದಲು, ಒಂದೊಂದು ಮಳೆಗೆ ಒಂದೊಂದು ಹಿಡಿ ಬಿತ್ತುವುದು ಅನುಭವಸ್ಥರ ದಾರಿ. ರೋಹಿಣಿಯದು ಒಣಗಿದರೆ ಮೃಗಶಿರದ್ದು, ಅದು ಕೊಚ್ಚಿಹೋದರೆ ಆರಿದ್ರೆಯದು. ಸೊಪ್ಪಿನ ಮಟ್ಟಿಗಂತೂ ಈ ಹದಿನೈದು ದಿನದ ಸರದಿ ಅಡುಗೆಮನೆಗೂ ಹಿತವೇ, ಇಪ್ಪತ್ತು ಕಟ್ಟು ದಂಟು ಒಂದೇ ದಿನ ಕೊಯ್ಲಿಗೆ ಬಂದರೆ ಉಣ್ಣುವವರಾರು? ಬಿತ್ತುವ ಗಳಿಗೆಯನ್ನು ತಾರೀಕು ಹೇಳುವುದಕ್ಕಿಂತ ಮಣ್ಣು ಹೇಳುವುದು ಮೇಲು. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆಯಾಗಿ, ಬೆರಳು ತಗುಲಿಸಿದರೆ ಒಡೆಯಬೇಕು. ಮುಂದಿನ ನಾಲ್ಕೈದು ದಿನದ ಸುಳಿವಿಗೆ ಹವಾಮಾನ ಇಲಾಖೆಯ ಮುನ್ಸೂಚನೆ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ವರುಣಮಿತ್ರ ಸಹಾಯವಾಣಿಯನ್ನೂ ನಡೆಸುತ್ತದೆ. ಇವು ಹೊಲದ ರೈತರಿಗಾಗಿ ಹುಟ್ಟಿದ ಸೇವೆಗಳಾದರೂ ಸಸಿ ನಾಟಿಯನ್ನು ಎರಡು ದಿನ ಮುಂದೂಡಲು ಹಿತ್ತಲಿನವರಿಗೂ ಸಾಕು.

ಗಿಡಕ್ಕೆ ಎಷ್ಟು ಬಿಸಿಲು ಹೆಚ್ಚು

ಹವಾಮಾನ ಇಲಾಖೆ ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿದ್ದರೆ ಬಿಸಿಗಾಳಿ ಎಂದು ಸಾರುತ್ತದೆ. ಟೊಮೆಟೊ ಅಷ್ಟು ಹೊತ್ತು ಕಾಯುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಅದರ ಪರಾಗ ಕೆಲಸಕ್ಕೆ ಬಾರದಾಗುತ್ತದೆ; ಗಿಡ ಹಸಿರಾಗಿಯೇ ಇದ್ದು ಹೂವು ಮಾತ್ರ ತೊಟ್ಟಿನಿಂದ ಕಳಚಿ ಬೀಳುತ್ತದೆ. ಇಲ್ಲಿ ಹಗಲಿಗಿಂತ ರಾತ್ರಿಯದೇ ದೊಡ್ಡ ಪೆಟ್ಟು. ಸುತ್ತ ಕಾಂಕ್ರೀಟು ತುಂಬಿದ ಬಡಾವಣೆಯಲ್ಲಿ ಗೋಡೆಗಳು ರಾತ್ರಿಯಿಡೀ ಕಾವು ಉಗುಳುವುದರಿಂದ, ಅದೇ ಊರಿನ ಹೊರಗಿನ ತೋಟದಲ್ಲಿ ಕಾಯಿ ಕಚ್ಚಿದರೂ ಒಳಗಿನ ತಾರಸಿಯಲ್ಲಿ ಕಚ್ಚದು. ಕಚ್ಚಿದ ಕಾಯಿಯೂ ಕೆಂಪಾಗದೆ ಹಳದಿ ಛಾಯೆಯಲ್ಲೇ ಉಳಿಯುವುದುಂಟು. ಕೆಂಪು ಬಣ್ಣದ ಲೈಕೊಪೀನ್ 30 ಡಿಗ್ರಿ ಮೀರಿದ ಸೆಖೆಯಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಗೊಬ್ಬರ ಸಾಲದೆಂದು ಆಗ ಗೊಬ್ಬರ ಸುರಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಬೇಯುತ್ತಿರುವ ಬೇರಿಗೆ ಅದು ಇನ್ನೊಂದು ಹೊರೆ.

ಸೌತೆ, ಕುಂಬಳಗಳಲ್ಲಿ ಸೆಖೆ ಗಂಡುಹೂಗಳನ್ನು ಹೆಚ್ಚಿಸುತ್ತದೆ. ಬಳ್ಳಿ ತುಂಬ ಹೂವಿದ್ದೂ ಕಾಯಿ ಇಲ್ಲವೆಂಬ ಕೊರಗಿನ ಒಂದು ಮೂಲ ಇದು. ಇನ್ನೊಂದು, ಬಿಸಿಲಿಗೆ ಜೇನು ಸುಳಿಯದಿರುವುದು. ಬೆಳಿಗ್ಗೆ ಎಂಟರೊಳಗೆ ಗಂಡುಹೂ ಕಿತ್ತು ಹೆಣ್ಣುಹೂವಿನ ನಡುವಿಗೆ ತಾಗಿಸಿದರೆ ಎರಡನೆಯ ಕೊರತೆ ನೀಗುತ್ತದೆ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿಗಳು ಬೇಸಿಗೆಯಲ್ಲಿ ಎಲೆ ಬಿಡುವ ಮೊದಲೇ ಹೂವಿಗೆ ಏರುತ್ತವೆ. ಇವನ್ನು ಮಾರ್ಚ್‌ನಿಂದ ಮೇ ತನಕ ಬಿಟ್ಟುಬಿಡುವುದೇ ಜಾಣತನ.

ಮಧ್ಯಾಹ್ನ ಎಲೆ ಜೋತುಬಿದ್ದರೆ ಗಿಡಕ್ಕೆ ಬಾಯಾರಿದೆ ಎಂದೇ ಅರ್ಥವಲ್ಲ. ಕುಂಬಳ, ಬದನೆಗಳು ಬೇರು ಎತ್ತುವುದಕ್ಕಿಂತ ವೇಗವಾಗಿ ಎಲೆ ನೀರು ಕಳೆದುಕೊಂಡಾಗ ತಾವೇ ಮೈ ಮಡಚಿಕೊಳ್ಳುತ್ತವೆ, ಸಂಜೆಗೆ ನೆಟ್ಟಗಾಗುತ್ತವೆ. ಮುಂಜಾನೆಯೂ ಜೋತೇ ಇದ್ದರೆ ಮಾತ್ರ ನೀರಿನ ಕೊರತೆ, ಇಲ್ಲವೇ ಬೇರಿಗೆ ರೋಗ.

ಸೆಖೆಯಲ್ಲಿ ಸುಖವಾಗಿರುವ ಗಿಡಗಳ ಬಳಗ ನಮ್ಮಲ್ಲಿ ಸಣ್ಣದೇನಲ್ಲ. ಉತ್ತರ ಕರ್ನಾಟಕದವರ ಕಿರಕಸಾಲಿ, ರಾಜಗಿರಿ, ದಕ್ಷಿಣದವರ ದಂಟು, ಹರಿವೆ ಎಲ್ಲವೂ ಒಂದೇ ಕುಲ. ಜೋಳದಂತೆ ಇವೂ ಸಿ4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವುದರಿಂದ ಸೆಖೆಯಲ್ಲೂ ನಷ್ಟವಿಲ್ಲದೆ ಇಂಗಾಲವನ್ನು ಹಿಡಿಯುತ್ತವೆ, ನೀರೂ ಕಡಿಮೆ ಸಾಕು. ಕಳೆಯೆಂದು ಕಿತ್ತೆಸೆಯುವ ಗೋಣಿಸೊಪ್ಪು ಇನ್ನೂ ಒಂದು ಹೆಜ್ಜೆ ಮುಂದೆ. ನೀರು ತೀರಾ ತಪ್ಪಿದಾಗ ಪಾಪಾಸುಕಳ್ಳಿಯ ಹಾಗೆ ರಾತ್ರಿ ಮಾತ್ರ ಉಸಿರಾಡುವ ಕ್ರಮಕ್ಕೂ ಅದು ಹೊರಳಬಲ್ಲದು. ಚವಳಿಕಾಯಿ (ದಕ್ಷಿಣದ ಗೋರಿಕಾಯಿ), ಬೆಂಡೆ, ಅಲಸಂದೆ, ಪುಂಡಿಪಲ್ಯ, ಬಸಳೆ, ನುಗ್ಗೆ, ಕರಿಬೇವು ಇವೆಲ್ಲ ಬೇಸಿಗೆಯ ನಂಟರು. ಅಡುಗೆಮನೆ ಟೊಮೆಟೊ ಕೇಳುತ್ತದೆ, ಹವೆ ಚವಳಿಕಾಯಿ ಕೊಡುತ್ತದೆ. ಬೇಸಿಗೆಯ ಕೈತೋಟದ ಅರ್ಧ ಜಗಳ ಇದೇ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಗಳು ಅಮೆರಿಕ ಖಂಡಗಳಿಂದ ಬಂದ ಕತೆಯನ್ನು ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಕನ್ನಡಿಗರಿಗೆ ಹೇಳಿದ್ದಾರೆ. ಟೊಮೆಟೊದ ಕಾಡು ಬಂಧುಗಳು ಆಂಡಿಸ್ ಸೀಮೆಯವು, ಬೆಚ್ಚನೆಯ ಹಗಲು, ತಣ್ಣನೆಯ ರಾತ್ರಿ ಕಂಡವು.

ತಂಪನ್ನು ನಂಬಿದ ಬೆಂಗಳೂರು

ಬೆಂಗಳೂರಿನ ಕೈತೋಟದ ಕತೆ ಉಳಿದ ಬಯಲುಸೀಮೆಯದಕ್ಕಿಂತ ಬೇರೆ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್, ಬ್ರಿಟಿಷರ ಕಾಲದಲ್ಲಿ ಹೊರನಾಡಿನ ಗಿಡಗಳನ್ನು ಪರೀಕ್ಷಿಸಿ ಹಂಚುವ ಕೇಂದ್ರವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನ ಕಾಲದಲ್ಲಿ ಸೀಮೆಬದನೆ ಇಲ್ಲಿ ನೆಲೆಯೂರಿತು. ತಮಿಳರು ಇಂದಿಗೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಎಲೆಕೋಸು, ನವಿಲುಕೋಸು, ಬೀನ್ಸ್, ಕ್ಯಾರೆಟ್ ಮುಂತಾಗಿ ಹೆಸರಿನಲ್ಲೇ ‘ಇಂಗ್ಲಿಷ್ ತರಕಾರಿ’ಗಳಾದವನ್ನು ಮನೆಯಂಗಳದಲ್ಲಿ ಬೆಳೆಯುವ ಹವ್ಯಾಸ ಇಲ್ಲಿ ಹಬ್ಬಿದ್ದು, ಊರು ತಂಪು ಎಂಬ ನಂಬಿಕೆಯ ಮೇಲೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು, ಅಲ್ಲಿಯವರೆಗೆ ಅಷ್ಟು ಏರಿರಲಿಲ್ಲ. 2022ರಲ್ಲಿ, ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು ಮಳೆಯ ಈ ಊರಿಗೆ 1,900 ಮಿ.ಮೀ.ಗೂ ಮೀರಿ ಬಿತ್ತು. ಬೆಂಗಳೂರಿನ ತೋಟಗಾರ ರಾಯಚೂರಿನ ಹಿತ್ತಲಿನಿಂದ ಕಲಿಯಬೇಕಾದ ಕಾಲ ಬಂದಿದೆ. ಪಾಠ ಇಷ್ಟು ವರ್ಷ ತಿರುಗುಮುರುಗಾಗಿ ಹರಿದದ್ದೇ ಹೆಚ್ಚು.

ಇದೇ ನಗರದಲ್ಲಿ 2010ರ ದಶಕದಿಂದ ತಾರಸಿ ತೋಟ ಒಂದು ಚಳವಳಿಯ ರೂಪ ಪಡೆಯಿತು. ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳಗಳಲ್ಲಿ ಬೀಜ, ಸಸಿ, ಗೊಬ್ಬರದ ಜೊತೆಗೆ ಸೋಲುಗಳ ವಿನಿಮಯವೂ ನಡೆಯುತ್ತಿತ್ತು. ತಾರಸಿಯ ಕಷ್ಟ ನೆಲದ ತೋಟದ್ದಲ್ಲ. ಏಪ್ರಿಲ್ ಮಧ್ಯಾಹ್ನ ಬರಿಗಾಲಿಡಲಾಗದ ಕಾಂಕ್ರೀಟಿನ ಮೇಲೆ ಕುಂಡವನ್ನು ನೇರವಾಗಿ ಇಟ್ಟರೆ ಬೇರು ಕೆಳಗಿನಿಂದಲೂ ಪಕ್ಕದಿಂದಲೂ ಬೇಯುತ್ತದೆ, ಕಪ್ಪು ಗ್ರೋ ಬ್ಯಾಗ್ ಆದರೆ ಇನ್ನೂ ಬೇಗ. ಇಟ್ಟಿಗೆ ಕೊಟ್ಟು ಎತ್ತರಿಸುವುದು, ಕುಂಡಗಳನ್ನು ಒತ್ತೊತ್ತಾಗಿಟ್ಟು ಒಂದರ ನೆರಳು ಇನ್ನೊಂದರ ಮೈಗೆ ಬೀಳಿಸುವುದು, ಪಡುವಣ ಬದಿಗೆ ಗೋಣಿಚೀಲ ತೂಗುಹಾಕುವುದು ಖರ್ಚಿಲ್ಲದ ಉಪಾಯಗಳು. ಹಸಿರು ನೆರಳು ಪರದೆಯ ಮೇಲಿನ ಉತ್ಸಾಹ ಮಾತ್ರ ಸ್ವಲ್ಪ ಅತಿಯಾಗಿದೆ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಶೇಕಡಾ 75 ನೆರಳಿನ ಬಲೆ ನರ್ಸರಿಗೆ ಸರಿ, ಕಾಯಿ ಬಿಡಬೇಕಾದ ಗಿಡಕ್ಕೆ ಕತ್ತಲು. ತರಕಾರಿಗೆ ಶೇಕಡಾ 35ರಿಂದ 50ರದ್ದು ಸಾಕು; ಅದನ್ನೂ ಮುಂಗಾರಿನ ಮೋಡ ಕವಿದೊಡನೆ ತೆಗೆಯದಿದ್ದರೆ ಗಿಡ ಸೊರಗಿ ಉದ್ದವಾಗುತ್ತದೆ, ಗಾಳಿಗೆ ಬಲೆ ಸಮೇತ ಕಂಬವೂ ಮಲಗುತ್ತದೆ. ಭಾರದ ಲೆಕ್ಕವನ್ನೂ ಮರೆಯುವಂತಿಲ್ಲ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ.; ಒಂದಡಿ ದಪ್ಪದ ಒದ್ದೆ ಮಣ್ಣು ಅಷ್ಟೇ ಜಾಗದಲ್ಲಿ 500 ಕೆ.ಜಿ. ಆಸುಪಾಸು ತೂಗುತ್ತದೆ. ಕೆಮ್ಮಣ್ಣಿಗೆ ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡುವುದು ಇದಕ್ಕಾಗಿ. 2024ರ ಜೂನ್ 2ರಂಥ ಮಳೆಯ ದಿನ ನೀರು ಹೊರಹೋಗುವ ಕೊಳವೆಗೆ ಎಲೆ ಸಿಕ್ಕಿಕೊಂಡರೆ ತಾರಸಿಯೇ ಕೆರೆ.

ನೀರು

ಬಯಲುಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಗಿಂತ ತೆರೆದ ನೀರಿನಿಂದ ಆವಿಯಾಗಿ ಹೋಗುವುದು ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಹಳೆಯ ಹಿತ್ತಲು ನೀರನ್ನು ಎರಡು ಸಲ ಬಳಸುತ್ತಿತ್ತು. ಬಚ್ಚಲ ಹಿಂದಿನ ತೇವಕ್ಕೆ ಬಾಳೆ, ಕೆಸು; ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಕರಿಬೇವು; ಕರಾವಳಿಯಲ್ಲಾದರೆ ಬಸಳೆ ಚಪ್ಪರ. ಸೀಗೆಪುಡಿ, ಬೂದಿಗಳ ಕಾಲದ ಈ ಏರ್ಪಾಡನ್ನು ಈಗಿನ ವಾಷಿಂಗ್ ಮಷೀನಿನ ನೀರಿಗೆ ಹಾಗೆಯೇ ಒಪ್ಪಿಸುವಂತಿಲ್ಲ. ಸೋಡಿಯಂ ಹೆಚ್ಚಾಗಿ ಎರೆಮಣ್ಣು ಇನ್ನಷ್ಟು ಬಿಗಿಯುತ್ತದೆ. ಬಾಳೆ, ಕಾಬಾಳೆ ತಾಳಿಕೊಂಡಾವು. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಯಾವ ತಕರಾರೂ ಇಲ್ಲ.

ಮಳೆನೀರಿನ ಗಣಿತ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ತಾರಸಿಗೆ ಎರಡು ಮಿ.ಮೀ. ತುಂತುರು ಬಿದ್ದರೆ 200 ಲೀಟರಿನ ಡ್ರಮ್ಮು ತುಂಬುತ್ತದೆ. 30×40 ಅಡಿಯ ಸೈಟೊಂದರ ಮೇಲೆ 2024ರ ಜೂನ್ 2ರಂದು ಸುರಿದದ್ದು ಹನ್ನೆರಡು ಸಾವಿರ ಲೀಟರಿಗೂ ಹೆಚ್ಚು, ಅಂದರೆ ಆ ಬೇಸಿಗೆಯಲ್ಲಿ ಜನ ದುಡ್ಡು ಕೊಟ್ಟು ತರಿಸಿದ ದೊಡ್ಡ ಟ್ಯಾಂಕರ್ ಒಂದರಷ್ಟು. ಬೆಂಗಳೂರಿನಲ್ಲಿ 30×40 ಅಡಿ ಸೈಟಿನ ಹೊಸ ಮನೆಗಳಿಗೂ 2009ರ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯ.

ಕಾಲ ನಂಬಲಾಗದಾಗ ಅತ್ಯಂತ ಹೊಂದುವ ಸಾಧನ, ವಿಚಿತ್ರವೆಂದರೆ, ಬಹಳ ಹಳೆಯದು: ಹೂತಿಟ್ಟ ಗಡಿಗೆ. ಕ್ರಿ.ಪೂ. 1ನೆಯ ಶತಮಾನದ ಚೀನಾದ ಕೃಷಿಲೇಖಕ ಫಾನ್ ಶೆಂಗ್‌ಜಿ ಇದನ್ನು ವಿವರಿಸಿದ್ದಾನೆ. ಬಣ್ಣ, ಹೊಳಪು ಬಳಿಯದ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಸುತ್ತ ಸೋರೆ, ಹೀರೆ, ಸೌತೆಯ ನಾಲ್ಕೈದು ಬೀಜ ಊರಬೇಕು. ಒಣ ಮಣ್ಣು ಗಡಿಗೆಯ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಳೆ ಬಂದು ಮಣ್ಣು ನೆನೆದೊಡನೆ ಎಳೆತ ತಾನಾಗಿಯೇ ನಿಲ್ಲುತ್ತದೆ. ಟೈಮರ್ ಹಾಕಿದ ಡ್ರಿಪ್ಪು ಸುರಿಯುವ ಮಳೆಯಲ್ಲೂ ತೊಟ್ಟಿಕ್ಕುತ್ತಿರುತ್ತದೆ, ಗಡಿಗೆಗೆ ಆ ಪೆದ್ದುತನವಿಲ್ಲ. ಬಾಯಿಗೆ ತಟ್ಟೆ ಮುಚ್ಚದಿದ್ದರೆ ಸೊಳ್ಳೆ ಮರಿಯಾಗುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಕೆಲವು ಹಂಗಾಮಿನಲ್ಲಿ ರಂಧ್ರಗಳು ಸುಣ್ಣಗಟ್ಟಿ ಗಡಿಗೆ ಬದಲಿಸಬೇಕಾಗುತ್ತದೆ.

ನೀರು ಉಣಿಸಲು ಹೊತ್ತು ಮುಂಜಾನೆ. ದಿನಾ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಷ್ಟು ಕೊಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಕುಂಡಗಳಿಗೆ ಈ ಮಾತು ನಡೆಯದು, ಬೇಸಿಗೆಯಲ್ಲಿ ಅವು ದಿನಕ್ಕೆರಡು ಸಲವೂ ಕೇಳುತ್ತವೆ. ನೀರು ಒಮ್ಮೆ ಹೆಚ್ಚು, ಒಮ್ಮೆ ಇಲ್ಲವೆಂದಾದರೆ ಟೊಮೆಟೊಗೆ ಸುಣ್ಣದಂಶ ಕಾಯಿಯ ತುದಿಯವರೆಗೆ ತಲುಪದೆ ಅಡಿಭಾಗ ಕಪ್ಪಾಗಿ ಕೊಳೆಯುತ್ತದೆ. ಇದು ರೋಗಾಣುವಿನದಲ್ಲ, ಔಷಧಿ ಹೊಡೆದು ಪ್ರಯೋಜನವಿಲ್ಲ.

ಮಣ್ಣು ಮತ್ತು ಮುಚ್ಚಿಗೆ

ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬಿರುಕಿನೊಳಗಿಂದಲೂ ತೇವ ಆರುತ್ತದೆ, ಎಳೆ ಬೇರು ಹರಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಂಡು ನೀರು ಬಸಿಯಲು ಬಿಡುವುದಿಲ್ಲ. ಮಸಾರಿಯ (ಕೆಂಪುಮಣ್ಣಿನ) ಗುಣ ತದ್ವಿರುದ್ಧ: ಬೇಗ ಬಸಿಯುತ್ತದೆ, ಆದರೆ ದೊಡ್ಡ ಹನಿಯ ಮಳೆಗೆ ಮೇಲೆ ಹಪ್ಪಳದಂತೆ ಹೆಪ್ಪುಗಟ್ಟಿ ಮೊಳಕೆ ಏಳದು. ಎರಡಕ್ಕೂ ಮದ್ದು ಕೊಟ್ಟಿಗೆ ಗೊಬ್ಬರ, ಮೇಲೆ ನಾಲ್ಕು ಬೆರಳು ತರಗೆಲೆ, ಜೋಳದ ದಂಟು, ತೆಂಗಿನ ಗರಿ ಅಥವಾ ಒಣಹುಲ್ಲಿನ ಮುಚ್ಚಿಗೆ. ಮುಚ್ಚಿಗೆ ಬಿಸಿಲಿಗೂ ಮಳೆಹನಿಗೂ ಒಟ್ಟಿಗೇ ತಡೆ. ಹಾಗಾಗಿ, ಒಂದೇ ಕೆಲಸ ಮಾಡಲು ಬಿಡುವಿದ್ದವರು ಇದನ್ನೇ ಮಾಡಬೇಕು. ಬುಡಕ್ಕೆ ಮಾತ್ರ ತಾಗಿಸಬಾರದು, ಗೆದ್ದಲಿಗೂ ಕೊಳೆಗೂ ಕರೆ ಕೊಟ್ಟಂತೆ. ಮುಚ್ಚಿಗೆ ಸಿಗದಲ್ಲಿ ಕುರ್ಪಿಯಿಂದ ಮೇಲ್ಮಣ್ಣು ಕೆದಕಿ ಬಿರುಕು ಮುಚ್ಚುವುದು ಹಳೆಯ ರೂಢಿ.

ಬೇಸಿಗೆಯಲ್ಲಿ ತಗ್ಗಿನ ಪಾತಿ, ಮಳೆಗಾಲದಲ್ಲಿ ಏರುಮಡಿ ಎಂಬುದು ಪಾಠಪುಸ್ತಕದ ಮಾತು. ಬಿಸಿಲೂ ಮಳೆಯೂ ಹದಿನೈದೇ ದಿನದಲ್ಲಿ ಬರುವಾಗ ಏರುಮಡಿಯನ್ನೇ ಕಾಯಂ ಮಾಡಿ, ಅದರ ತಲೆಯ ಮೇಲೆ ಗಿಡದ ಸುತ್ತ ಬಟ್ಟಲಿನಂತೆ ಗುಳಿ ತೋಡುವುದು ಅನುಕೂಲ. ಅಕಾಲ ಮಳೆಯ ಸಂಭವ ಹೆಚ್ಚಿರುವುದು ಎರಡು ಹೊತ್ತಿನಲ್ಲಿ. ಒಂದು, ಏಪ್ರಿಲ್–ಮೇಯ ಅಡ್ಡಮಳೆ, ಗಾಳಿ, ಆಲಿಕಲ್ಲು. ಇನ್ನೊಂದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತರುವ ನವೆಂಬರ್ ಮಳೆ. 2021ರ ನವೆಂಬರ್‌ನಲ್ಲಿ ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ಬಂದ ರಾಗಿ ನೆಲದಲ್ಲೇ ಮೊಳೆತು, ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಒಣಗಿದ್ದ ಗಿಡದ ಮೇಲೆ ಜೋರು ಮಳೆ ಬೀಳುವ ಸುದ್ದಿ ಇದ್ದರೆ ಅರೆಗೆಂಪಾದ ಟೊಮೆಟೊಗಳನ್ನೆಲ್ಲ ಕಿತ್ತಿಡುವುದು ಕ್ಷೇಮ. ಸಿಪ್ಪೆ ಹಿಗ್ಗುವುದಕ್ಕಿಂತ ಬೇಗ ಒಳಗೆ ನೀರು ತುಂಬಿ ಹಣ್ಣು ಬಿರಿಯುತ್ತದೆ.

ಕೀಟಗಳೂ ಹವೆ ನೋಡಿ ಬರುತ್ತವೆ. ಒಣ ಸೆಖೆಗೆ ಎಲೆಯಡಿಯ ಕೆಂಪುನುಸಿ, ಥ್ರಿಪ್ಸ್, ಬಿಳಿನೊಣ. ಮಳೆ ಹಿಡಿದ ಮೇಲೆ ಬಸವನಹುಳು, ಸಸಿ ಬುಡ ಕೊಳೆತ. ನುಸಿಗೆ ಎಲೆಯ ಕೆಳಮೈಗೆ ರಭಸದಿಂದ ನೀರು ಎರಚಿದರೆ ಬಹುಪಾಲು ಕೆಲಸ ಆದಂತೆ. ಬೇವಿನಬೀಜದ ಕಷಾಯ ಸಂಜೆ ಸಿಂಪಡಿಸುವಂಥದ್ದು, ಬಿಸಿಲಿಗೆ ಅದರ ಸತ್ವ ಬೇಗ ಅಳಿಯುತ್ತದೆ.

ತಳಿ ಮತ್ತು ಬೀಜ

ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳಲ್ಲಿ ಟೊಮೆಟೊಗೆ ಅರ್ಕಾ ವಿಕಾಸ್, ಅರ್ಕಾ ಮೇಘಾಲಿ ನೀರಿನ ಕೊರತೆ ತಾಳುವಂಥವು. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಹಳದಿ ನಂಜುರೋಗ ತಡೆಯುವುದಕ್ಕೆಂದೇ ಬಂದದ್ದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ಬಿಸಿಲುಸೀಮೆಯಲ್ಲೇ ಹುಟ್ಟಿದ ತಳಿ. ನೀರು ನಿಂತರೆ ಒಂದೆರಡು ದಿನದಲ್ಲೇ ಸಾಯುವ ಟೊಮೆಟೊವನ್ನು ಬದನೆಯ ಬೇರಿಗೆ ಕಸಿ ಮಾಡಿ ಉಳಿಸುವ ಕ್ರಮವನ್ನು ತೈವಾನಿನ ವಿಶ್ವ ತರಕಾರಿ ಕೇಂದ್ರ ಬಳಕೆಗೆ ತಂದಿತು, ಕೈ ಪಳಗಿದ ಹವ್ಯಾಸಿಗಳಿಗೆ ಮನೆಯಲ್ಲೂ ಸಾಧ್ಯ.

ಊರಿನ ಬೀಜದ ಲಾಭ ಬೇರೆ ಬಗೆಯದು. ಅದರಲ್ಲಿ ಎಲ್ಲ ಗಿಡವೂ ಒಂದೇ ದಿನ ಹೂ ಬಿಡುವುದಿಲ್ಲ. ಮಾರುಕಟ್ಟೆಗೆ ಕೊರತೆಯಾದ ಈ ಏರುಪೇರು ಹಿತ್ತಲಿಗೆ ರಕ್ಷೆ. ಒಂದು ವಾರದ ಬಿಸಿಗಾಳಿಗೆ ಅರ್ಧ ಗಿಡದ ಹೂ ಉದುರಿದರೂ ಉಳಿದರ್ಧ ಇನ್ನೂ ಮೊಗ್ಗು. ಶಿರಸಿಯ ‘ವನಸ್ತ್ರೀ’ ಬಳಗದ ಹೆಣ್ಣುಮಕ್ಕಳು 2001ರಿಂದ ಮಲೆನಾಡಿನ ಹಿತ್ತಲುಗಳ ಇಂಥ ಬೀಜಗಳನ್ನು ಉಳಿಸಿ ಹಂಚುತ್ತಿದ್ದಾರೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಒಲೆಯ ಮೇಲ್ಭಾಗದ ಹೊಗೆ ತಾಗುವಲ್ಲಿ ತೂಗುಹಾಕುವುದು ಸೌದೆ ಒಲೆಯ ಮನೆಗಳ ಕ್ರಮ. ಗ್ಯಾಸ್ ಒಲೆಯ ಮನೆಯಲ್ಲಿ ಗಾಳಿಯಾಡದ ಡಬ್ಬಿಗೆ ಒಂದು ಹಿಡಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಗಂಟಿನಲ್ಲಿ ಹಾಕಿಟ್ಟರೆ ತೇವ ಹೀರುತ್ತದೆ. ಬಿತ್ತುವ ಮುಂಚೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ನಾಲ್ಕೈದು ದಿನದಲ್ಲಿ ಆರಕ್ಕಿಂತ ಕಡಿಮೆ ಮೊಳೆತರೆ, ಗುಳಿಗೆ ಎರಡರ ಬದಲು ನಾಲ್ಕು.